ಹಳೇ ಜಾಗದ ಚೀಟಿ

ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆಂದು ನಂಬುವವರಲ್ಲಿ ನಾನೂ ಒಬ್ಬ. ದಿನಾ ಬೆಳಿಗ್ಗೆ ನಾನು ಕನ್ನಡಕ ಹುಡುಕುವಾಗ ಹೆಂಡತಿ ಈ ನಂಬಿಕೆಯನ್ನು ಗೇಲಿ ಮಾಡುತ್ತಾಳೆ. ಆದರೂ ತೊಂಬತ್ತರ ದಶಕದಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೂತು, ಇದೇ ನಂಬಿಕೆಯ ಮೇಲೆ ಪೀಣ್ಯದ ಒಂದು ಪಂಪು ಕಾರ್ಖಾನೆಗೆ ವ್ಯವಸ್ಥೆಯೊಂದನ್ನು ಕಟ್ಟಿದೆ. ಅವರ ನಕ್ಷೆಗಳು ಒಂದು ಕಂಪ್ಯೂಟರಿನಲ್ಲಿದ್ದವು, ರಿಪೇರಿ ಪುಟಗಳು ಇನ್ನೊಂದು ಶೆಡ್ಡಿನ ಕಂಪ್ಯೂಟರಿನಲ್ಲಿ. ನಕ್ಷೆಯಲ್ಲಿ ಬೇರಿಂಗ್ ಮೇಲೆ ಮೌಸ್ ಒತ್ತಿದರೆ ಅದರ ರಿಪೇರಿ ಪುಟ ತೆರೆಯಬೇಕು. ಯಾರ ಕಡತವನ್ನೂ ನಾವು ಮುಟ್ಟುವುದಿಲ್ಲ. ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಲಿಂಕುಗಳನ್ನು ಮಾತ್ರ ಬೇರೆಯೇ ಒಂದು ಕಡೆ ಬರೆದಿಡುತ್ತೇವೆ. ಇದು ನನಗೆ ಎಷ್ಟು ಸೊಗಸಾಗಿ ಕಂಡಿತೆಂದರೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡದೆ ವಿವರಿಸುತ್ತಿದ್ದೆ.

ಕಾರ್ಖಾನೆಯ ನಕ್ಷೆ ಕೋಣೆ ನೋಡಿಕೊಳ್ಳುತ್ತಿದ್ದವರು ದಾವಣಗೆರೆ ಕಡೆಯ ರುದ್ರಪ್ಪನವರು. ಎಲ್ಲ ಕೇಳಿ, "ಕಡತ ಜಾಗ ಬದಲಾಯಿಸಿದ್ರೆ ನಿಮ್ಮ ಲಿಂಕಿಗೆ ಯಾರು ಹೇಳ್ತಾರ್ರೀ ಸಾರ್?" ಎಂದರು.

"ಅದ್ಯಾಕೆ ಬದಲಾಯಿಸ್ತಾರೆ?" ಎಂದೆ. ಅವರು ನಕ್ಕು ಬೀರುವಿನ ಕಡೆ ತಿರುಗಿದರು.

ಈ ಕೆಲಸ ನಮ್ಮ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂದು ತೀರ್ಮಾನವಾಗುವ ದಿನ, ಕಾರ್ಖಾನೆಯ ಮ್ಯಾನೇಜರ್ ಬೇರಿಂಗ್ ಒತ್ತಿದರು. ಕ್ಯಾಂಟೀನಿನ ತಿಂಡಿ ಪಟ್ಟಿ ತೆರೆಯಿತು. ಯಾರೋ ರಿಪೇರಿ ಪುಟವನ್ನು ಸರಿಸಿ ಆ ಜಾಗಕ್ಕೆ ಇದನ್ನು ತಂದಿಟ್ಟಿದ್ದರು.

"ಈ ಬೇರಿಂಗ್‌ಗೆ ಚಟ್ನಿನೂ ಕೊಡ್ತೀರೇನ್ರೀ?" ಎಂದರು ಮ್ಯಾನೇಜರ್. ನಾಚಿಕೆಯಿಂದ ಕುಗ್ಗಿಹೋದೆ. ದೊಡ್ಡ ಮನಸ್ಸು ಮಾಡಿ ಒಂದು ವಾರ ಗಡುವು ಕೊಟ್ಟರು.

ಇಷ್ಟು ವರ್ಷ ರುದ್ರಪ್ಪನವರು ಕಾಗದದ ನಕ್ಷೆಗಳನ್ನು ಹೇಗೆ ನಿಭಾಯಿಸಿದರೆಂಬ ಕುತೂಹಲ ತಡೆಯಲಾರದೆ ಅವರ ಕೋಣೆಗೆ ಹೋದೆ. ಅವರು ಬೀರುವಿನ ಒಂದು ಖಾನೆ ಎಳೆದು ತೋರಿಸಿದರು. ಒಳಗೆ ನಕ್ಷೆ ಇರಲಿಲ್ಲ, ಚೀಟಿಯಿತ್ತು: 'ಮೂರನೇ ಬೀರು, ಮೇಲಿನ ಖಾನೆ.'

"ಯಾರೇ ಸರಿಸ್ಲಿ, ಹಳೇ ಜಾಗದಾಗೆ ಚೀಟಿ ಇಟ್ಟೇ ಹೋಗ್ಬೇಕು ಸಾರ್. ಇಲ್ಲಾಂದ್ರೆ ಹುಡುಕೋನ ಗತಿ ಏನು?"

ಕಡತ ಸರಿಸಿದರೆ ಹಳೇ ಜಾಗದಲ್ಲಿ ಹೊಸ ಜಾಗದ ಗುರುತು ಉಳಿಯುವಂತೆ, ಆ ಚೀಟಿಯನ್ನೇ ಕಂಪ್ಯೂಟರಿಗೆ ಕಲಿಸಿದೆ. ಮುಂದಿನ ವಾರ ಬೇರಿಂಗ್ ಒತ್ತಿದರೆ ಬೇರಿಂಗೇ ಬಂತು; ಕೆಲಸ ಉಳಿಯಿತು. ಕಂಪನಿಯಲ್ಲಿ ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದರು. ರುದ್ರಪ್ಪನವರ ಹೆಸರು ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಕಾಫಿ ಬಂತು.

ಆಮೇಲೆ ನನ್ನನ್ನು ವೈಟ್‌ಫೀಲ್ಡ್ ಕಚೇರಿಗೆ ಹಾಕಿದರು. ಚಂದಾಪುರದ ಬಾಡಿಗೆ ಮನೆ ಬಿಟ್ಟು ಕಾಡುಗೋಡಿ ಸೇರಿದೆ. ಎರಡು ತಿಂಗಳು ಕಳೆದ ಮೇಲೆ ರುದ್ರಪ್ಪನವರು ಹೇಗೋ ನಂಬರು ಹುಡುಕಿ ಫೋನ್ ಮಾಡಿದರು. ಅವರ ಮಗಳ ಮದುವೆ ಆಗಿಹೋಗಿತ್ತು. ಕೈಯಾರೆ ಲಗ್ನಪತ್ರಿಕೆ ಕೊಡಬೇಕೆಂದು ಪೀಣ್ಯದಿಂದ ಚಂದಾಪುರದವರೆಗೆ ಬಸ್ಸು ಬದಲಾಯಿಸಿಕೊಂಡು ಬಂದಿದ್ದರಂತೆ.

"ಬೀಗ ಹಾಕಿತ್ತು ಸಾರ್. ಬಾಗಿಲ ಸಂದಿಯಾಗೂ ನೋಡಿದೆ," ಎಂದರು. "ಚೀಟಿ ಇರ್ಲಿಲ್ಲ."