ಊಟದ ಹೊತ್ತಿಗೆ ಶಿಳ್ಳೆ ಹಾಕುವ ನಮ್ಮ ಮನೆಯ ಗಾಳಿಯಂತ್ರದವರಿಗೆ

ಮಾನ್ಯ ಗಾಳಿಯಂತ್ರದವರೇ,

ಬಟ್ಟೆ ಒಗೆಯುವ ಕೋಣೆಯ ಕಪಾಟಿನಲ್ಲಿ ಆಸೀನರಾಗಿ, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಚಳಿಗಾಳಿಗೆ ದಾಟಿಸಿ, ನಮ್ಮ ಕುಟುಂಬಕ್ಕೆ ಹದವಾದ ಉಸಿರನ್ನು ದಯಪಾಲಿಸುತ್ತಿರುವ ತಮಗೆ ಫಿನ್ಲೆಂಡಿನ ಕಾಯಾನಿ ಊರಿನ ನಿವೃತ್ತ ಸರ್ವೇಯರ್ ಇಲ್ಮರಿ ರೌತಿಯೊನ ಸವಿನಯ ವಂದನೆಗಳು. ಲಕೋಟೆ ಒಡೆಯಲು ತಮಗೆ ಕೈಗಳಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ತಮ್ಮ ಬಾಗಿಲಿಗೆ ಅಂಟಿಸಿದ್ದೇನೆ. ಅಂಟಿಸಿದ ಟೇಪಿನ ಚರಿತ್ರೆ ಮುಂದೆ ಬರಲಿದೆ.

ಕಳೆದ ಚಳಿಗಾಲದಲ್ಲಿ ನಮ್ಮ ಮಗ ಓತ್ಸೊ ತೀರಿಕೊಂಡದ್ದು ತಮಗೆ ತಿಳಿದೇ ಇದೆ. ಅವನ ಉಸಿರಿನ ಹೊಣೆಯೂ ತಮ್ಮದೇ ಆಗಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬೆವರಿಳಿಸಿದ ನಾನು ಊಟದ ಮೇಜಿನಲ್ಲಿ ಒಂದು ವಿಷಯವನ್ನು ಮಂಡಿಸತೊಡಗಿದರೆ, ಅವನು ಪ್ರತಿವಾದಿಸದೆ, ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಮೆಲ್ಲನೆ ಶಿಳ್ಳೆ ಹಾಕುತ್ತಿದ್ದ. ಆ ವಾದಕ್ಕೆ ನಾನು ಪ್ರತಿ ಸಂಜೆಯೂ ಸೋಲುತ್ತಿದ್ದೆ. ಅವನು ಹೋದ ಮೇಲೆ ತೆರವಾದ ಆ ಸ್ಥಾನವನ್ನು ತಾವು ಅರ್ಜಿಯಿಲ್ಲದೆ, ಸಂದರ್ಶನವಿಲ್ಲದೆ ವಹಿಸಿಕೊಂಡು, ಅಡುಗೆಯ ಹೊಗೆ ಎಳೆಯಲು ವೇಗ ಹೆಚ್ಚಿಸಿಕೊಳ್ಳುವ ಸಂಜೆಯ ಹೊತ್ತಿನಲ್ಲಿ, ನಾನು ಬಾಯಿ ತೆರೆದೊಡನೆ ಅಟ್ಟದಲ್ಲಿ ಹಾಯುವ ತಮ್ಮ ಕೊಳವೆಯಿಂದ ಶಿಳ್ಳೆ ಹಾಕತೊಡಗಿದಿರಿ.

ಅಟ್ಟದ ಕೊಳವೆಯ ಯಾವುದೋ ಜೋಡಣೆ ಬಿಟ್ಟಿದೆ, ಬಿಸಿಗಾಳಿ ಸೋರುತ್ತಿದೆ, ಹಿಮ ಬೀಳುವ ಮುನ್ನ ಸರಿಪಡಿಸದಿದ್ದರೆ ಮಾಡಿಗೆ ಬೂಷ್ಟು ಹಿಡಿಯುತ್ತದೆ ಎಂದು ನಾನು ಪತ್ನಿ ಸಿಲ್ವಿಯ ಮುಂದೆ ಸಪ್ರಮಾಣವಾಗಿ ವಾದಿಸಿದೆ. ಅವಳು ಅದನ್ನು ಮುಟ್ಟಕೂಡದೆಂದಳು. ಕೊಳವೆಯಲ್ಲಿರುವುದು ಗಾಳಿಯೇ ಹೊರತು ಓತ್ಸೊ ಅಲ್ಲವೆಂದು ನಾನು ಸ್ಪಷ್ಟಪಡಿಸಿದಾಗ ಅವಳು ಹೇಳಿದ್ದಿಷ್ಟು: "ಅದು ನಂಗೂ ಗೊತ್ತು ಕಣೋ. ಆದ್ರೆ ಈ ಮನೇಲಿ ನಿನ್ನ ಬಾಯಿ ಮುಚ್ಚಿಸೋರು ಇನ್ಯಾರಿದಾರೆ?"

ಮಾಡಿನ ಹಿತದೃಷ್ಟಿಯಿಂದ ನಾನು ಮಣಿಯಲಿಲ್ಲ. ಊರ ರೂಢಿಯಂತೆ ನೆರೆಯವರನ್ನು ಕೈಜೋಡಿಸಲು ಕರೆದೆ, ಬಂದವರಿಗೆ ಕಾಫಿ ಬನ್ನು ಸಿದ್ಧಪಡಿಸಿದೆ, ಕೆಲಸ ಮುಗಿದ ಮೇಲಿನ ಸ್ನಾನಕ್ಕೆಂದು ಹಬೆಕೋಣೆಯಾದ ಸೌನಾವನ್ನೂ ಕಾಯಿಸಲಿಟ್ಟೆ. ನೆರೆಯ ಅರ್ವೋ, ಕೆರೆದಂಡೆಯ ಟ್ಯಾಂಗೋ ನೃತ್ಯದ ಚಪ್ಪರದಲ್ಲಿ ಕುಣಿಯುವ ಜೋಡಿಗಳ ಕಾಲಿಗೆ ಮಂಜು ಹಾಯಿಸುವ ಹೊಗೆಪೆಟ್ಟಿಗೆಯನ್ನು ಹೊತ್ತು ತಂದು, ಸೋರುವ ಜಾಗ ಹೊಗೆಯಿಂದ ಪತ್ತೆಯಾಗಲೆಂದು ತಮ್ಮ ಮೂಗಿಗೆ ಹಿಡಿದ. ತಾವು ಅದನ್ನು ಸೇದಿ ಮನೆಯಿಡೀ ಹಂಚಿದ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅತಿ ದಟ್ಟವಾದ ಹೊಗೆ ಸೌನಾದಲ್ಲೇ ಕಂಡದ್ದರಿಂದ ಸೋರಿಕೆ ಅಲ್ಲೇ ಇದೆಯೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಬಟ್ಟೆ ತೊಟ್ಟು ಸೌನಾ ಹೊಗುವುದು ಅಸಭ್ಯವಾದ್ದರಿಂದ ತಪಾಸಣಾ ಸಮಿತಿ ಬೆತ್ತಲೆಯಾಗಿ ಒಳಹೊಕ್ಕಿತು. ಕುಳಿತು ಯೋಚಿಸಲು ಅನುಕೂಲವಾಗಲೆಂದು ಕಾದ ಕಲ್ಲಿಗೆ ನೀರೆರೆಯಿತು. ನೀರೆರೆದಷ್ಟೂ ಸೋರಿಕೆ ಹೆಚ್ಚುತ್ತಿದೆಯೆಂದು ಗಾಬರಿಯಾಗಿ ಸಿಕ್ಕಸಿಕ್ಕ ಸಂದಿಗೆಲ್ಲ ಟೇಪು ಸುತ್ತಿತು. ಆ ಟೇಪು ಬಿಸಿಗೆ ಕಳಚಿ ಬಿದ್ದು ಸಮಿತಿಯ ಬೆನ್ನಿಗೆ ಅಂಟಿಕೊಂಡಿತು. ಈ ಪತ್ರವನ್ನು ಹಿಡಿದಿರುವುದು ಅದೇ.

ಕೊನೆಗೆ ಟವೆಲ್ಲಿನಲ್ಲಿ ನಿಂತ ಅರ್ವೋ ಪಡಸಾಲೆಯನ್ನು ದಿಟ್ಟಿಸಿ, "ಎಲ್ಲಾ ಕೋಣೇಲೂ ಹೊಗೆ ಬಂತು, ಇಲ್ಮರಿ. ಆ ಬಾಗಿಲ ಸಂದೀಲಿ ಮಾತ್ರ ಒಂದೆಳೇನೂ ಬಂದಿಲ್ಲ ನೋಡು," ಎಂದ. ಅದು ಓತ್ಸೊನ ಕೋಣೆ. ಮಣ್ಣು ಮಾಡಿ ಬಂದಂದಿನಿಂದ ನಾವದನ್ನು ತೆರೆದಿರಲಿಲ್ಲ.

ತೆರೆದೆ. ಮಂಚದ ಮೇಲಿನ ಗಾಳಿಕಿಂಡಿಗೆ ಒಂದು ಬೂದು ಉಣ್ಣೆಯ ಕಾಲುಚೀಲ ತುರುಕಿತ್ತು. ನೆತ್ತಿಗೆ ಚಳಿಗಾಳಿ ತಾಗದಿರಲೆಂದು ಈ ಸೀಮೆಯ ಅರ್ಧ ಜನ ಹೀಗೆಯೇ ಮಾಡುತ್ತಾರೆ. ಹಾಗೆ ಮಾಡಕೂಡದೆಂದು ನಾನು ಅನೇಕ ಸಂಜೆ ಸುದೀರ್ಘವಾಗಿ ವಿವರಿಸಿದ್ದೆ. ಉತ್ತರವಾಗಿ ಶಿಳ್ಳೆಯನ್ನೂ ಕೇಳಿದ್ದೆ. ಅಲ್ಲಿ ದಾರಿ ಕಟ್ಟಿದ್ದರಿಂದ ಗಾಳಿ ಒತ್ತೊತ್ತಿ ಅಟ್ಟದ ಜೋಡಣೆಯನ್ನು ಸಡಿಲಿಸಿತ್ತು. ಕಾಲುಚೀಲವನ್ನು ಹೊರತೆಗೆದೆವು, ಜೋಡಣೆಗೆ ಹೊಸ ರಬ್ಬರ್ ಉಂಗುರ ತೊಡಿಸಿ ಭದ್ರಪಡಿಸಿದೆವು. ಮಾಡು ಉಳಿಯಿತು.

ಆ ಸಂಜೆ ಊಟದಲ್ಲಿ ನಾನು ಪುರಸಭೆಯ ಹಿಮ ತೆಗೆಯುವ ನೀತಿಯನ್ನು ಖಂಡಿಸತೊಡಗಿದೆ. ಯಾರೂ ತಡೆಯಲಿಲ್ಲ, ತಾವು ಸಹ. ಸಿಲ್ವಿ ತಟ್ಟೆ ನೋಡುತ್ತಿದ್ದಳು. ವಾದ ಅರ್ಧಕ್ಕೇ ನಿಂತುಹೋಯಿತು. ಯಾರೂ ತಡೆಯದೆ ಹಾಗಾದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಆದ್ದರಿಂದ, ಮಾನ್ಯರೇ, ಸ್ಟೂಲು ಹತ್ತಿ ಆ ಕಾಲುಚೀಲವನ್ನು ಅದೇ ಕಿಂಡಿಗೆ ಮರಳಿ ತುರುಕಿದವನು ನಾನೇ. ಜೋಡಣೆ ಭದ್ರವಾಗಿರುವುದರಿಂದ ಈಗ ತಾವು ಅಟ್ಟವನ್ನು ಬಿಟ್ಟು ಊಟದ ಮೇಜಿನ ಮೇಲಿನ ಕಿಂಡಿಯಿಂದಲೇ, ಯಾರಿಗೂ ಹಾನಿಯಿಲ್ಲದಂತೆ, ತುಸು ತಗ್ಗಿದ ಸ್ವರದಲ್ಲಿ ಶಿಳ್ಳೆ ಹಾಕುತ್ತಿದ್ದೀರಿ. ಇನ್ನು ಮುಂದೆ ನನ್ನ ಮೊದಲ ವಾಕ್ಯ ಮುಗಿಯುವವರೆಗಾದರೂ ಕಾಯಬೇಕೆಂದು ವಿನಂತಿಸುತ್ತೇನೆ. ಕಾಯದಿದ್ದರೂ ದೂರು ಕೊಡುವುದಿಲ್ಲ.

ಹಲವು ಸಂಜೆಗಳಿಂದ ತಮಗೆ ಸೋಲುತ್ತಲೇ ಬಂದಿರುವ
ತಮ್ಮ ವಿಶ್ವಾಸಿ,
ಇಲ್ಮರಿ ರೌತಿಯೊ

ಮರೆತ ಮಾತು: ಕಾಲುಚೀಲಗಳು ಜೋಡಿಯಾಗಿರುತ್ತವೆ. ಕೋಣೆಯಿಡೀ ಹುಡುಕಿದರೂ ಇನ್ನೊಂದು ಸಿಕ್ಕಿಲ್ಲ. ಅದು ತಮ್ಮ ಹೊಟ್ಟೆಯಲ್ಲಿದೆಯೆಂಬುದು ನನ್ನ ಬಲವಾದ ಗುಮಾನಿ. ದಯವಿಟ್ಟು ಹಿಂದಿರುಗಿಸಿ, ಸಿಲ್ವಿ ಕೇಳುತ್ತಿದ್ದಾಳೆ.