ಸದ್ದಿಲ್ಲದ ಮಹಡಿ

ಎರ್ರಿಸ್ವಾಮಿಯವರು ಬಾಡಿಗೆದಾರರಿಗೂ ಹೆದರಿದವರಲ್ಲ, ದೆವ್ವಕ್ಕೂ ಹೆದರಿದವರಲ್ಲ. ಈ ಮಾತನ್ನು ಅವರ ಬಾಯಿಂದ ಕೇಳದವರು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಯಾರಾದರೂ ಇದ್ದರೆ ಅವರು ಪುಣ್ಯವಂತರು. ಮಹಡಿಯನ್ನು ಹರಿಹರದ ಚೈತ್ರಾಳ ಬ್ಯಾಲೆ ಕ್ಲಾಸಿಗೆ ಕೊಟ್ಟವಳು ಹೆಂಡತಿ ಅಂಬಿಕಾ. ಮೇಲೆ ಹುಡುಗಿಯರು ನೆಗೆದಾಗಲೆಲ್ಲ ಕೆಳಗೆ ಇವರ ಚಹಾ ತುಳುಕುತ್ತಿತ್ತು. ಒಂದು ಸಂಜೆ ಅದು ಬಿಳಿ ಪಂಚೆಗೇ ಅಭಿಷೇಕವಾಯಿತು. ಅಂಗಳಕ್ಕಿಳಿದು, ಇಡೀ ಬೀದಿಗೆ ಕೇಳುವಂತೆ ರಾಜಾಜ್ಞೆ ಹೊರಡಿಸಿದರು.

"ಇನ್ನೊಂದ್ ಸಲ ಧಡಕ್ ಅಂದ್ರೆ ಮುಗೀತು. ಈ ಮನ್ಯಾಗ ಸದ್ದು ಮಾಡಿದೋರು ಅವತ್ತೇ ಗಂಟುಮೂಟೆ ಕಟ್ಬೇಕು. ಅದು ಯಾರೇ ಆಗ್ಲಿ!"

ಚೈತ್ರಾಳ ಮುಖ ಬಿಳಿಚಿತು. ವರ್ಷಗಟ್ಟಲೆ ತಿದ್ದಿ ತೀಡಿದ ಹುಡುಗಿಯರು ಇನ್ನೇನು ಗಟ್ಟಿ ಮೂತಿಯ ಶೂ ತೊಟ್ಟು ಕಾಲ್ಬೆರಳ ತುದಿಯ ಮೇಲೆ ನಿಲ್ಲಬೇಕಿತ್ತು. ಅದಕ್ಕೆ ಮೊದಲು ಪಾದದ ಕೀಲು ಬಲಿಯಬೇಕು. ಈಗ ತಾಲೀಮು ನಿಂತರೆ ಮಾಡಿದ್ದೆಲ್ಲ ನೀರುಪಾಲು, ಬೇರೆ ಜಾಗವೂ ಇಲ್ಲ. ಇನ್ನು ಸದ್ದು ಬರುವುದಿಲ್ಲ ಎಂದು ಮಾತು ಕೊಟ್ಟಳು.

ಬರಲಿಲ್ಲ. ಪೀಕಲಾಟ ಶುರುವಾದದ್ದೇ ಅಲ್ಲಿಂದ.

ಮರುದಿನ ಹುಡುಗಿಯರು ಮೆಟ್ಟಿಲು ಹತ್ತಿದ್ದನ್ನು ಎರ್ರಿಸ್ವಾಮಿಯವರು ಕಣ್ಣಾರೆ ಕಂಡರು. ಆಮೇಲೆ ಹಾಡಿಲ್ಲ, ಹೆಜ್ಜೆಯಿಲ್ಲ, ಒಂದು ಕೆಮ್ಮೂ ಇಲ್ಲ. ಸೂರು ನೋಡುತ್ತಾ ಮಂಡಕ್ಕಿ ಬಾಯಿಗೆ ಹಾಕಿದವರು ಅಗಿದ ಸದ್ದಿಗೆ ತಾವೇ ಬೆಚ್ಚಿದರು. ಅಷ್ಟು ಹುಡುಗಿಯರು ಒಂದೆಡೆ ಸೇರಿ ಸುಮ್ಮನಿರುವುದುಂಟೇ? ಅಂಬಿಕಾಳನ್ನು ಕೇಳಿದರೆ, ನಿಮಗೆ ಸದ್ದಾದರೂ ಕಷ್ಟ, ಆಗದಿದ್ದರೂ ಕಷ್ಟ ಎಂದು ರೊಟ್ಟಿ ಬಡಿಯತೊಡಗಿದಳು. ರೊಟ್ಟಿಯ ಸದ್ದು ನಿಂತೊಡನೆ ಮನೆ ಮತ್ತೆ ಭಣಗುಟ್ಟಿತು. ಆನೆಕೊಂಡದ ಅಜ್ಜಿ ಓಬಕ್ಕ ಹಿಂದೆ ಹೇಳುತ್ತಿದ್ದ ಮಾತು ಅವರಿಗೆ ಸುಮ್ಮಸುಮ್ಮನೆ ನೆನಪಾಯಿತು. ದೆವ್ವದ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲವಂತೆ.

ಒಂದು ಮುಸ್ಸಂಜೆ ಕರೆಂಟು ಹೋಯಿತು. ಆಗಲೂ ಮೇಲೆ ಚಕಾರವಿಲ್ಲ. ಕರೆಂಟು ಹೋದಾಗ ಕೂಗದ ಮಕ್ಕಳು ಮಕ್ಕಳೇ ಅಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಚಪ್ಪಲಿ ಬಿಟ್ಟು, ಗೋಡೆ ತಡವುತ್ತಾ ಮೆಟ್ಟಿಲು ಹತ್ತಿದರು. ಮೇಲಿನ ಮೆಟ್ಟಿಲಲ್ಲಿ, ಗುಜರಿಗೆ ಹಾಕಬೇಕೆಂದು ಅವರೇ ಪೇರಿಸಿದ್ದ ಖಾಲಿ ಎಣ್ಣೆ ಡಬ್ಬಗಳಿದ್ದವು. ತೆಗೀರಿ ತೆಗೀರಿ ಎಂದು ಅಂಬಿಕಾ ಯುಗಾದಿಯಿಂದ ಬಡಿದುಕೊಂಡಿದ್ದಳು. ಅವನ್ನು ಹೇಗೋ ದಾಟಿದರು.

ಬಾಗಿಲು ಅರೆ ತೆರೆದಿತ್ತು. ನೆಲದ ಮೇಲೊಂದು ಬೆಳಕು. ಬಿಳಿ ಬಟ್ಟೆಯ ಹುಡುಗಿಯರು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದಾರೆ. ಪಾದಗಳು ಅಡ್ಡಡ್ಡ ತಿರುಗಿವೆ. ಚೈತ್ರಾ ಮಾತಿಲ್ಲದೆ ಕೈ ಎತ್ತಿದಳು. ಕೈಯ ಜೊತೆಗೇ ಅವರೆಲ್ಲ ಮೆಲ್ಲಗೆ ಮೇಲೆದ್ದರು. ಗೋಡೆಯ ನೆರಳುಗಳು ಉದ್ದುದ್ದ ಬೆಳೆದು ಸೂರು ಮುಟ್ಟಿದವು. ಎರ್ರಿಸ್ವಾಮಿಯವರ ಕಣ್ಣು ಹಿಮ್ಮಡಿಗಳ ಮೇಲೆ ಬಿತ್ತು. ಒಂದೂ ನೆಲಕ್ಕೆ ತಾಗಿರಲಿಲ್ಲ.

ಅವರು ಹಿಂದಕ್ಕೆ ಹೆಜ್ಜೆ ಇಟ್ಟರು. ಡಬ್ಬಗಳ ಸಮೇತ ಅವರು ಕೆಳಗಿಳಿದ ವೈಭವವನ್ನು ಇಡೀ ಬಡಾವಣೆ ಕೇಳಿತು! ಪಕ್ಕದ ಬೀದಿಯ ನಾಯಿಗಳು ಉತ್ತರವನ್ನೂ ಕೊಟ್ಟವು.

ಕರೆಂಟು ಬಂದಾಗ ಅವರು ಕೊನೆಯ ಮೆಟ್ಟಿಲಲ್ಲಿ, ಡಬ್ಬವೊಂದನ್ನು ಕೂಸಿನಂತೆ ಅಪ್ಪಿಕೊಂಡು ಕೂತಿದ್ದರು. ಚೈತ್ರಾ ಓಡಿ ಬಂದಳು. ನೆಗೆತ ನಿಲ್ಲಿಸಿದ್ದೇನೆ, ಗೋಡೆ ಹಿಡಿದು ಹಿಮ್ಮಡಿ ಎತ್ತುವಾಗ ಹುಡುಗಿಯರ ಪಾದ ಅಲುಗುತ್ತದೇನೋ ನೋಡಲು ಮೊಬೈಲ್ ಬೆಳಕನ್ನು ನೆಲಕ್ಕಿಟ್ಟಿದ್ದೆ, ಸದ್ದಾಗದಿರಲೆಂದು ಎಣಿಕೆಯನ್ನೂ ಕೈಸನ್ನೆಯಲ್ಲೇ ಹೇಳುತ್ತಿದ್ದೆ ಎಂದು ತಡವರಿಸಿದಳು. ಆಮೇಲೆ ಉರುಳಿ ಬಿದ್ದ ಡಬ್ಬಗಳ ಕಡೆ ನೋಡಿದಳು.

"ಇವತ್ತು ಸದ್ದಾತಲ್ರಿ ಅಂಕಲ್. ಖಾಲಿ ಮಾಡ್ಬೇಕಾ?"

"ನೀನ್ಯಾಕ ಮಾಡ್ತೀಯವ್ವ?" ಎಂದಳು ಅಂಬಿಕಾ. ಗಂಡನ ಕಡೆ ತಿರುಗಿದಳು. "ಏನ್ರಿ, ನಿಮ್ ಗಂಟುಮೂಟೆ ನೀವೇ ಕಟ್ತೀರೋ, ನಾ ಕಟ್ಲೋ?"

ಎರ್ರಿಸ್ವಾಮಿಯವರು ಅಪ್ಪಿಕೊಂಡಿದ್ದ ಡಬ್ಬವನ್ನು ಸದ್ದಾಗದಂತೆ ಮೆಲ್ಲಗೆ ನೆಲಕ್ಕಿಟ್ಟರು.

ಮರುದಿನ ಸಂಜೆ ಹುಡುಗಿಯರು ಬಂದರು, ಹತ್ತಿದರು, ಮನೆ ಮತ್ತೆ ಭಣಗುಟ್ಟಿತು. ಎರ್ರಿಸ್ವಾಮಿಯವರು ಉಳುಕಿದ ಕಾಲು ಎಳೆದುಕೊಂಡು ಮೆಟ್ಟಿಲ ಬುಡಕ್ಕೆ ಬಂದರು. ತಲೆಯೆತ್ತಿ, ಜನ್ಮದಲ್ಲೇ ಮೊದಲ ಸಲ ಮೆಲುದನಿಯಲ್ಲಿ ಕೂಗಿದರು.

"ಚೈತ್ರವ್ವಾ, ನಿನಗ ಪುಣ್ಯ ಬರ್ತೈತೆ. ಆವಾಗಾವಾಗ ಒಂದೀಟು ಧಡಕ್ ಅನ್ನಿಸವ್ವ."