ಸದ್ದಿಲ್ಲದ ಡ್ರೈವಿನ ಹುಡುಕಾಟ

ಒಲೆಯ ಮೇಲೆ ಏನಿದೆ ಎಂದು ಒಮ್ಮೆಯೂ ಎದ್ದು ನೋಡದೆ, ಕೂತಲ್ಲೇ ಕೂತು ಒಂದು ಇಡೀ ವೀಣಾ ಕಛೇರಿ ಕೇಳಿ ಮುಗಿಸುತ್ತೇನೆ. ಅದೂ ಕೂದಲೆಳೆಯಷ್ಟು ಗದ್ದಲವಿಲ್ಲದ ಶುದ್ಧ ನಾದದಲ್ಲಿ! ಕೆಲಸದಿಂದ ನಿವೃತ್ತಿಯಾದ ಮರುದಿನ ಪುಷ್ಪ ಹೀಗೆಂದು ಶಪಥ ಮಾಡಿದಳು.

ಅದೇನು ಸಣ್ಣ ಶಪಥವಲ್ಲ. ಚಿನ್ನದ ಗಣಿಯೂರು ಉರಿಗಾಂನಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆಯಲ್ಲಿ ನುಗ್ಗುವವರ ಮೊಣಕೈ ತಿಂದು, ಬೆಂಗಳೂರಿನ ಕಚೇರಿಯಲ್ಲಿ ದಿನವಿಡೀ ದುಡಿದು, ಸಂಜೆಯ ರೈಲಿನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಮನೆ ಸೇರಿದ ಹೆಂಗಸು ಅವಳು. ಇಷ್ಟು ವರ್ಷ ಕೇಳಿದ್ದೆಲ್ಲ ಅರ್ಧ ಕಿವಿಯ ಸಂಗೀತ. ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಕುಕ್ಕರಿನ ಸೀಟಿಗೆ ಮೀಸಲು! ಎರಡು ಕಿವಿಯೂ ತನ್ನದೇ ಆಗುವ ದಿನಕ್ಕಾಗಿ ಅವಳು ಕಾದಿದ್ದಳು.

ಗಂಡ ಮುನಿರಾಜ್, ಗಣಿ ಮುಚ್ಚಿದ ಮೇಲೆ ಆಟೋ ಓಡಿಸಿದವನು. ಮಂಡಿನೋವು ಬಂದು ಆಟೋ ಮಾರಿ ಮನೆಯಲ್ಲಿದ್ದ. ಪುಷ್ಪ ಸೌಟನ್ನು ಅವನ ಕೈಗಿಟ್ಟಳು.

"ಇನ್ಮೇಲೆ ಅಡುಗೆಮನೆ ನಿಮ್ದು, ನಡುಮನೆ ನಂದು."

"ಆಗ್ಲಿ ಬುಡಮ್ಮಿ. ಭೂಮಿ ಒಳಿಕ್ಕಿಳ್ದು ಬಂಡೆ ಒಡ್ದೋನು ನಾನು. ಉದ್ದಿನಬ್ಯಾಳೆ ಏನ್ ಲೆಕ್ಕ?"

ಲೆಕ್ಕ ಸ್ವಲ್ಪ ಇತ್ತು. ಸಾರು ಸೀದಿತು, ಮುದ್ದೆ ಗಂಟಾಯಿತು. ಕೊನೆಗೆ ಅವನಿಗೆ ಒಲಿದದ್ದು ದೋಸೆಹಿಟ್ಟು ಒಂದೇ. ಅಂದಿನಿಂದ ಮನೆಯಲ್ಲಿ ದಿನಾ ದೋಸೆ! ಪುಷ್ಪ ಚಕಾರವೆತ್ತಲಿಲ್ಲ. ತಾನು ಹುಯ್ಯದ ದೋಸೆ ಯಾವ ಆಕಾರದಲ್ಲಿದ್ದರೂ ಅಮೃತವೇ. ಆ ಸೌಟು ಮತ್ತೆ ತನ್ನ ಕೈಗೆ ಬಾರದಿದ್ದರೆ ಸಾಕು ಎಂಬುದಷ್ಟೇ ಅವಳ ದಿನನಿತ್ಯದ ಪ್ರಾರ್ಥನೆ.

ನಡುಮನೆಯಲ್ಲಿ ಹಳೆಯ ಕಂಪ್ಯೂಟರು, ಆಂಪ್ಲಿಫೈಯರು, ಎರಡು ಸ್ಪೀಕರು ಸಿದ್ಧವಾದವು. ದೋಸೆ ತಿಂದು, ಕೈ ತೊಳೆದು, ಪುಷ್ಪ ರಾಣಿಯಂತೆ ಕುರ್ಚಿಯಲ್ಲಿ ಕೂತಳು. ವೀಣೆ ಮೆಲ್ಲಗೆ ಆಲಾಪನೆ ಶುರು ಮಾಡಿತು. ಅದರ ಕೆಳಗಿನಿಂದ, ಯಾರೋ ಗೊರಕೆ ಹೊಡೆದಂತೆ, ಗುರ್ರ್...

ಪುಷ್ಪ ಬಂಗಾರಪೇಟೆಗೆ ಓಡಿದಳು. ಸ್ಟೇಷನ್ನಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಕಲ್ಪನ ತಾಳ್ಮೆಯಿಂದ ಕೇಳಿದಳು.

"ಹಳೇ ಹಾರ್ಡ್ ಡಿಸ್ಕು ಒಳಗೆ ಚಕ್ರದಂಗೆ ತಿರುಗ್ತದಕ್ಕಾ, ಸದ್ದು ಬತ್ತದೆ. ಎಸ್‌ಎಸ್‌ಡಿ ಆಕ್ಸಿ. ಅದ್ರಲ್ಲಿ ತಿರುಗೋ ಸಾಮಾನೇ ಇಲ್ಲ. ಹಾಡುಗಳು ಪೆನ್ ಡ್ರೈವಲ್ಲಿರ್ಲಿ, ಕಂಪ್ಯೂಟ್ರು ಏಳಾಕೆ ಮಾತ್ರ ಇದು."

"ಯಾವ್ದು ಒಳ್ಳೇದು?"

"ಎರಡು ಥರ ಐತೆ. ಇದು ವೈರ್ ಆಕೋ ಚಪ್ಪಟೆ ಡಬ್ಬಿ. ಇದು ನೇರ ಬೋರ್ಡಿಗೇ ಸಿಕ್ಕಿಸೋ ಕಡ್ಡಿ, ವೇಗ ಜಾಸ್ತಿ. ಹಾಡಿಗೆ ಯಾವ್ದಾದ್ರೂ ಒಂದೇ ಕಣಕ್ಕಾ."

ಒಂದೇ ಅಂತೆ! ಇಷ್ಟು ಸುಲಭದ ಉತ್ತರವನ್ನು ಪುಷ್ಪ ನಂಬುವವಳೇ? ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಅಲ್ಲಿ ಮಹಾಪಂಡಿತರ ದಂಡೇ ಇತ್ತು. ಕಡ್ಡಿ ಡ್ರೈವು ಬಿಸಿಯಾಗಿ ನಾದ ಒರಟಾಗುತ್ತದೆ ಎಂದು ಒಬ್ಬ. ಡಬ್ಬಿಯ ವೈರಿನಲ್ಲಿ ಸ್ವರ ಸೋರಿಹೋಗುತ್ತದೆ ಎಂದು ಇನ್ನೊಬ್ಬ. ಕಂಪ್ಯೂಟರು ಏಳಿಸುವ ಡ್ರೈವು ಬದಲಿಸಿದ ಮೇಲೆ ಮೃದಂಗ ಮಾಗಿದ ಹಲಸಿನ ಹಾಗೆ ಘಮಘಮಿಸಿತು ಎಂದು ಮತ್ತೊಬ್ಬ! "ವ್ಯತ್ಯಾಸ ಎಷ್ಟಿತ್ತೆಂದರೆ, ನನ್ನ ಹೆಂಡತಿ ಕೂಡ ಅಡುಗೆಮನೆಯಿಂದ ಓಡಿ ಬಂದು ಕೇಳಿದಳು" ಎಂದು ಮೂವರೂ ಬರೆದಿದ್ದರು. ಆ ಮೂರು ಒಲೆಗಳ ಮೇಲೆ ಏನೇನು ಸೀದುಹೋಯಿತೆಂದು ಮಾತ್ರ ಒಬ್ಬನೂ ಬರೆದಿರಲಿಲ್ಲ.

ಎರಡನ್ನೂ ತಂದಳು. "ಬ್ಯಾಡಾದ್ದು ವಾಪಸ್ ಕೊಡಕ್ಕಾ" ಎಂದು ಕಲ್ಪನ ಎರಡಕ್ಕೂ ಸಿಸ್ಟಮ್ ತುಂಬಿಕೊಟ್ಟಳು. ಮನೆಗೆ ಬಂದ ಪುಷ್ಪ ಮೊದಲು ಕಡ್ಡಿ ಸಿಕ್ಕಿಸಿದಳು. ಕಂಪ್ಯೂಟರು ಕಣ್ಣುಮುಚ್ಚಿ ತೆರೆಯುವುದರಲ್ಲಿ ಎದ್ದಿತು. ವೀಣೆ ನುಡಿಯಿತು. ಗುರ್ರ್! ಕಡ್ಡಿ ಕಿತ್ತು ಡಬ್ಬಿ ಹಾಕಿದಳು. ಗುರ್ರ್! ಡಬ್ಬಿಯ ಕೆಳಗೆ ಬಟ್ಟೆ ಮಡಿಸಿಟ್ಟಳು. ಬಟ್ಟೆ ಸಮೇತ ಗುರ್ರ್!

"ಏನಮ್ಮಿ, ದಿನಾ ಅದರ ಒಟ್ಟೆ ಬಗೀತೀಯ?" ಮುನಿರಾಜ್ ಪರದೆ ಸರಿಸಿ ಇಣುಕಿದ.

"ನಿಮಗೆ ಗೊತ್ತಾಗಲ್ಲ ಬಿಡಿ. ಇದೆಲ್ಲ ಸೂಕ್ಷ್ಮ ಕಿವಿಯವರ ವಿಷಯ."

ಸೂಕ್ಷ್ಮ ಕಿವಿಯಿಲ್ಲದವನು ತೆಪ್ಪಗೆ ಒಳಗೆ ಹೋದ.

ಹೀಗಿರುವಾಗ ಒಂದು ಬೆಳಗ್ಗೆ ಪವಾಡ ನಡೆಯಿತು. ಮುನಿರಾಜ್ ರೇಷನ್ ಅಂಗಡಿಗೆ ಹೋಗಿದ್ದ. ಕಂಪ್ಯೂಟರಿನ ಒಳಗಿದ್ದದ್ದು ಡಬ್ಬಿ ಡ್ರೈವು. ವೀಣೆಯ ತಂತಿ ಮೀಟಿದ ಉಗುರೂ ಕೇಳಿಸುವಷ್ಟು ನಿಶ್ಶಬ್ದ! ಪುಷ್ಪಳ ಕಣ್ಣಲ್ಲಿ ನೀರು ಬಂತು. ಡಬ್ಬಿಯೇ ಗೆದ್ದಿತು! ಕೂಡಲೇ ರೈಲಿನ ಗೆಳತಿಯರ ಗುಂಪಿಗೆ ಸಂದೇಶ ಹೋಯಿತು: "ಭಾನುವಾರ ಎಲ್ಲರೂ ಬನ್ನಿ. ಜನ್ಮದಲ್ಲಿ ಕೇಳಿರದ ಸಂಗೀತ ಕೇಳಿಸ್ತೀನಿ."

"ಅಷ್ಟೂ ಜನ ಬತ್ತಾರಾ? ಅಂಗಾದ್ರೆ ವಡೆ ಮಾಡ್ತೀನಿ" ಎಂದ ಮುನಿರಾಜ್.

ಭಾನುವಾರ ನಡುಮನೆ ತುಂಬಿತು. ಕೈಯಲ್ಲಿ ಸೋಸಲು ಸೊಪ್ಪಿಲ್ಲದೆ ಕೂತು ಅಭ್ಯಾಸವಿಲ್ಲದ ಹೆಂಗಸರು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ಯಾರಿಗೂ ತಿಳಿಯಲಿಲ್ಲ. ಪುಷ್ಪ ಡಬ್ಬಿಯ ಮಹಿಮೆಯನ್ನು ಸವಿಸ್ತಾರವಾಗಿ ವರ್ಣಿಸಿ, ಹಾಡು ಹಾಕಿದಳು.

ಗುರ್ರ್!

"ಪುಷ್ಪಾ, ಇದು ಮೃದಂಗದೋರು ಶ್ರುತಿ ಮಾಡ್ಕಂತಿರೋದಾ?" ರೈಲಿನಲ್ಲಿ ಸದಾ ಪಕ್ಕದ ಸೀಟಿನವಳಾದ ಶ್ಯಾಮಲ ಕೇಳಿದಳು.

"ಒಂದ್ನಿಮಿಷ ಇರೇ!" ಪುಷ್ಪ ಡಬ್ಬಿ ಕಿತ್ತು ಕಡ್ಡಿ ಹಾಕಿದಳು. ಗುರ್ರ್! ಕಡ್ಡಿ ಕಿತ್ತು ಡಬ್ಬಿ ಹಾಕಿದಳು. ಇನ್ನೂ ದೊಡ್ಡ ಗುರ್ರ್! ಹಣೆಯ ಬೆವರಿಗೆ ಕುಂಕುಮ ಕರಗಿ ಮೂಗಿಗಿಳಿಯಿತು. ಹಾಡು ನಿಲ್ಲಿಸಿದಳು. ಕಂಪ್ಯೂಟರು ಆರಿಸಿದಳು. ಪ್ಲಗ್ ಕಿತ್ತಳು. ಕೊನೆಗೆ ಡ್ರೈವನ್ನೇ ಬಿಚ್ಚಿ ಅಂಗೈಯಲ್ಲಿ ಹಿಡಿದಳು.

ಗುರ್ರ್...

ಶ್ಯಾಮಲ ಡಬ್ಬಿಗೆ ಕಿವಿಯಿಟ್ಟು ನೋಡಿದಳು. "ಬ್ಯಾಟ್ರಿ ಐತೇನೇ ಇದಕ್ಕೆ?"

ಕೆಳಗೆ ಕೂತವಳೊಬ್ಬಳು ನೆಲಕ್ಕೆ ಅಂಗೈ ಒತ್ತಿದಳು. ಸದ್ದು ನೆಲದಿಂದ ಬರುತ್ತಿತ್ತು. ಎಲ್ಲರೂ ಎದ್ದು, ಸದ್ದಿನ ಜಾಡು ಹಿಡಿದು, ಸಾಲಾಗಿ ನಡೆದು ಅಡುಗೆಮನೆಯ ಪರದೆ ಸರಿಸಿದರು. ಅಲ್ಲಿ ಬನಿಯನ್ನು ತೊಟ್ಟು, ತಲೆಗೆ ಟವಲು ಸುತ್ತಿ, ಮೊಣಕೈವರೆಗೆ ಉದ್ದಿನಹಿಟ್ಟು ಮೆತ್ತಿಕೊಂಡು ಮುನಿರಾಜ್ ನಿಂತಿದ್ದ. ಅವನ ಮುಂದೆ ಬರಿಯ ಸಿಮೆಂಟು ನೆಲದ ಮೇಲೆ ಗ್ರೈಂಡರು ಗಂಭೀರವಾಗಿ ತಿರುಗುತ್ತಿತ್ತು.

"ರೀ! ಇಷ್ಟು ದಿನ ಆ ಗುರ್ರ್ ನಿಮ್ದಾ?"

"ನಂದಲ್ಲಮ್ಮಿ, ಗ್ರೈಂಡರ್ದು."

ಮದುವೆಯಾದಾಗಿನಿಂದ ಆ ಗ್ರೈಂಡರಿನ ಪಕ್ಕ ನಿಂತವಳು ಪುಷ್ಪ. ರುಬ್ಬುವವಳಿಗೆ ಅದು ಸದ್ದೇ ಅಲ್ಲ, ಬೆಳಗು. ಕುರ್ಚಿಯಲ್ಲಿ ಕೂತು ತಿಂಗಳಾಗುವುದರೊಳಗೆ ಅದು ಗದ್ದಲವಾಗಿಬಿಟ್ಟಿತ್ತು!

ಮುನಿರಾಜ್ ಸ್ವಿಚ್ಚು ಆರಿಸಿದ. ಟವಲು ಬಿಚ್ಚಿ ಕೈ ಒರೆಸಿಕೊಳ್ಳತೊಡಗಿದ. "ನಿನ್ನ ಹಾಡು ಕೆಡ್ತದೆ ಅಂದ್ರೆ ನಂಗ್ಯಾಕೆ ಈ ಸೌಟು? ತಗೋ, ನಿನ್ನ ಅಡುಗೆಮನೆ ನೀನೇ ಇಟ್ಕ."

ಪುಷ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಸೌಟು ಗಾಳಿಯಲ್ಲಿ ತೇಲುತ್ತ ತನ್ನತ್ತಲೇ ಬರುತ್ತಿರುವಂತೆ ಕಂಡಿತು!

"ಅಯ್ಯೋ, ದಮ್ಮಯ್ಯ, ನಿಲ್ಲಿಸ್ಬೇಡಿ! ನಾನೇನಾದ್ರೂ ಅಂದ್ನಾ?" ಎಂದವಳಿಗೆ ಏನೋ ಹೊಳೆಯಿತು. "ಅಲ್ಲಾ, ನಾನು ರುಬ್ಬುವಾಗೆಲ್ಲ ನೀವು ನಡುಮನೇಲಿ ಕೂತು ರೇಡಿಯೋ ಕೇಳ್ತಿದ್ರಿ. ನಿಮಗೆ ಈ ಗುರ್ರ್ ಕೇಳಿಸ್ತಿರ್ಲಿಲ್ವಾ?"

"ಯಾಕಿಲ್ಲ? ಸೌಂಡು ಜಾಸ್ತಿ ಮಾಡ್ಕಂತಿದ್ದೆ. ಅದಕ್ಕೊಂದು ಗುಂಡಿ ಇರ್ತದಲ್ಲ."

ಅಷ್ಟೂ ಹೆಂಗಸರು ಒಟ್ಟಿಗೆ ಅವನನ್ನು ನೋಡಿದರು. ಮುನಿರಾಜನಿಗೆ ತಾನು ಹೇಳಿದ್ದು ತನಗೇ ತಡವಾಗಿ ಕೇಳಿಸಿತು. ಹಿಟ್ಟು ಮೆತ್ತಿದ ಕೈಯನ್ನೇ ನೋಡುತ್ತ, "ಆವಾಗ ನಾನ್ ರುಬ್ಬಿರ್ಲಿಲ್ಲವಲ್ಲಮ್ಮಿ" ಎಂದ.

ಬಯ್ಯಲು ಹೊರಟ ಪುಷ್ಪ ಅವನ ಮಂಡಿ ನೋಡಿದಳು. ಮಂಡಿನೋವಿನ ಮನುಷ್ಯ ದಿನಾ ನಿಂತು ರುಬ್ಬಿ ಹಾಕಿದ ದೋಸೆಯನ್ನು ತಿಂದು ಕೈ ತೊಳೆದಳೇ ಹೊರತು, ತಾನಾದರೂ ಒಂದು ದಿನ ಈ ಪರದೆ ಸರಿಸಿ ನೋಡಿದ್ದಳೇ? ಒಂದು ಸ್ಟೂಲು ಎಳೆದು ಅವನ ಹಿಂದಿಟ್ಟಳು. "ಕೂತ್ಕೊಂಡು ರುಬ್ರಿ" ಎಂದು, ತನ್ನ ಕೈಯಾರೆ ಸ್ವಿಚ್ಚು ಒತ್ತಿದಳು. ಜನ್ಮದಲ್ಲಿ ಮೊದಲ ಸಲ ಆ ಸದ್ದು ಅವಳ ಕಿವಿಗೆ ಹಿತವಾಗಿ ಕೇಳಿಸಿತು.

"ಬನ್ರೇ, ವಡೆ ಆಗೋವರೆಗೂ ನಡುಮನೇಲಿ ಕೂರೋಣ. ಇವರು ರುಬ್ಬಿ ಮುಗಿಸ್ಲಿ, ಆಮೇಲೆ ನಿಧಾನವಾಗಿ ವೀಣೆ ಕೇಳೋಣ" ಎಂದು ತಿರುಗಿದಳು.

ಒಬ್ಬಳೂ ಕದಲಲಿಲ್ಲ. ರೈಲಿನ ಗೆಳತಿಯರೆಲ್ಲ ಆಗಲೇ ಅಡುಗೆಮನೆಯ ನೆಲದ ಮೇಲೆ ಕಾಲು ನೀಡಿ, ಗೋಡೆಗೊರಗಿ, ಕಛೇರಿಗೆ ಬಂದವರಂತೆ ಕೂತುಬಿಟ್ಟಿದ್ದರು. ಇಬ್ಬರು ಕಣ್ಣು ಮುಚ್ಚಿದ್ದರು. ಒಬ್ಬಳು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಶ್ಯಾಮಲ ಫೋನು ಎತ್ತಿ ವಿಡಿಯೋ ಮಾಡುತ್ತಿದ್ದಳು.

"ಏಯ್ ಶ್ಯಾಮಲ, ವೀಣೆ ಕೇಳೋಕಲ್ವೇನೇ ನೀವೆಲ್ಲ ಬಂದಿದ್ದು?"

"ವೀಣೆ ಎಲ್ಲಾದ್ರೂ ಸಿಗ್ತದೆ ಕಣೇ. ಗಂಡಸು ರುಬ್ಬೋ ಸದ್ದು ಎಲ್ಲಿ ಸಿಗ್ತದೆ? ಬಾಯ್ಮುಚ್ಕೊಂಡು ಕೂತ್ಕೊ, ರೆಕಾರ್ಡಿಂಗ್‌ನಲ್ಲಿ ನಿನ್ನ ಗಲಾಟೆ ಬತ್ತದೆ!"